ಸಾವಿರದ ಎಂಟುನೂರು

ಕಾಲು ತೆಗೆದಿದ್ದೇನೆ. ಗೇರು ನ್ಯೂಟ್ರಲ್‌ನಲ್ಲಿದೆ.
ಒತಾರುವಿನ ಕಾಲುವೆ ಬದಿಯ ಸಿಗ್ನಲ್ಲಿನಲ್ಲಿ
ನಾನು ನಿಂತಿದ್ದೇನೆ, ನನ್ನ ಕಾರು ನಿಂತಿಲ್ಲ.
ಮುಳ್ಳು ಸಾವಿರದ ಎಂಟುನೂರರಲ್ಲಿ
ಗೂಟಕ್ಕೆ ಕಟ್ಟಿದ ಹೋರಿಯ ಹಾಗೆ ನಡುಗುತ್ತಿದೆ.
ಪಕ್ಕದ ಟ್ಯಾಕ್ಸಿಯವನು ನನ್ನ ನರೆಗೂದಲು ನೋಡಿ,
ಕಾರು ನೋಡಿ, ಹಲ್ಲು ಕಿರಿಯುತ್ತಾನೆ:
ಅಜ್ಜಿಗೆ ಪಂದ್ಯ ಬೇಕಂತೆ.

ಅಯ್ಯಾ, ಮೂವತ್ತೊಂದು ವರ್ಷ
ಈ ಊರಿನ ಏರುಗಳಲ್ಲಿ ಬಸ್ಸು ಓಡಿಸಿದವಳು ನಾನು,
ನಿಂತವರ ಕೈಯ ಚಹಾ ತುಳುಕದ ಹಾಗೆ ಕ್ಲಚ್ಚು ಬಿಟ್ಟವಳು.
ನಿವೃತ್ತಿಯ ದುಡ್ಡಲ್ಲಿ ಇದನ್ನು ಕೊಂಡೆ:
ಎರಡೇ ಸೀಟು, ಮಡಚುವ ಟಾಪು,
ಮಗಳಿಗಿಂತ ಎರಡು ವರ್ಷ ಹಿರಿದು.
ಡಿಸೆಂಬರಿನವರೆಗೆ ಹೇಳಿದ ಮಾತು ಕೇಳಿತು.

ಆಮೇಲೆ ಊರೆಲ್ಲ ವೈದ್ಯರೇ.
ನಿಶಿವಾಕಿ ಗ್ಯಾರೇಜಿನ ಹುಡುಗ ಕಿವಿಯೊಡ್ಡಿ,
ಎಲ್ಲೋ ಕಳ್ಳಗಾಳಿ ನುಗ್ಗುತ್ತಿದೆ ಅಂದ.
ರಬ್ಬರು ಕೊಳವೆಗಳ ಸಂದುಗೊಂದಿಗೆಲ್ಲ ಸ್ಪ್ರೇ ಹೊಡೆದ,
ಸದ್ದು ಬದಲಾದೀತೇ ಎಂದು ಉಸಿರು ಹಿಡಿದ.
ಇಲ್ಲ.
ನಾದಿನಿ ಫೋನಿನಲ್ಲೇ ಕೇಳಿಸಿಕೊಂಡು
ಆಕ್ಸಿಲರೇಟರಿನ ಕೇಬಲ್ಲು ಬಿಗಿ ಅಂದಳು.
ಮೀಟಿ ನೋಡಿದೆ: ಐದು ಯೆನ್ ನಾಣ್ಯದಷ್ಟು ಸಡಿಲ,
ಬೇಕಾದಷ್ಟೇ.
ಥ್ರಾಟಲ್ಲಿನ ಮಸಿ ಒರೆಸಿದೆ. ಬಟ್ಟೆ ಕಪ್ಪಾಯಿತು, ಅಷ್ಟೆ.
ಒಂದು ತಿರುಪಿದೆ, ಅದನ್ನು ತಿರುವಿ ಇಳಿಸಿಬಿಡಿ ಎಂದ ಇನ್ನೊಬ್ಬ.
ಅದು ಬೇಡ.
ಅಳುವ ಮಗುವಿನ ಬಾಯಿ ಮುಚ್ಚಿದರೆ
ಹೊಟ್ಟೆನೋವು ಹೋದೀತೆ?

ಪಕ್ಕದ ಮನೆಯ ಕುರಮೊಚಿ ಹಿಮದ ಸಲಿಕೆ ಹಿಡಿದು ಬಂದರು.
ಹಡಗಿನ ಇಂಜಿನ್ ಕೋಣೆಯಲ್ಲಿ ನಲವತ್ತು ವರ್ಷ;
ಕಿವಿ ಎರಡೂ ಅಲ್ಲೇ ಬಿಟ್ಟು ಬಂದವರು.
ಇಡೀ ಓಣಿ ನನ್ನ ಕಾರಿಗೆ ಹಿಡಿಶಾಪ ಹಾಕುವಾಗ
ಬೆಳಿಗ್ಗೆ ಬಗ್ಗಿ ನಮಸ್ಕರಿಸುತ್ತಿದ್ದವರು ಇವರೊಬ್ಬರೇ.
ಕೈಗವಸು ಕಳಚಿ ಬಾನೆಟ್ಟಿನೊಳಗೆ ಬಾಗಿದರು.
ಒಂದು ಕೊಳವೆ ಮುಟ್ಟಿ ಚಟ್ಟನೆ ಬಿಟ್ಟರು.
ಇನ್ನೊಂದನ್ನು ಹಿಡಿದವರು ಹಿಡಿದೇ ಇದ್ದರು.
ನನ್ನ ಕೈ ಎಳೆದು ಅದರ ಮೇಲಿಟ್ಟರು:
ಬುಟ್ಟಿಯೊಳಗಿನ ಮೀನಿನಷ್ಟು ತಣ್ಣಗೆ.
ಗೋಡೆಯ ಮೇಲಿನ ಹಿಮದಲ್ಲಿ ಬೆರಳಿಂದ ನಾಲ್ಕು ಗೆರೆ ಎಳೆದರು.
ನೀರು.

ಆ ಕವಾಟದ ಹೊಟ್ಟೆಯಲ್ಲೊಂದು ಚೂರು ಮೇಣವಿದೆ.
ಬಿಸಿನೀರು ಸುತ್ತಿದರೆ ಉಬ್ಬಿ, ಗಾಳಿಯ ದಾರಿ ಮುಚ್ಚಬೇಕು.
ನೀರು ಕಡಿಮೆಯಾಗಿ, ನಡುವೆ ಗುಳ್ಳೆಯೊಂದು ಅಡ್ಡ ಕೂತು,
ಮೇಣಕ್ಕೆ ಇನ್ನೂ ಬೆಳಗಿನ ಜಾವ ಆರು ಗಂಟೆ.
ಇಂಜಿನ್ನು ಕುದಿಯುತ್ತಿದೆ,
ಅದಕ್ಕೆ ಯಾರೂ ಹೇಳಿಲ್ಲ.

ಹೀಟರು ಉಗುರುಬೆಚ್ಚಗೆ ಊದುತ್ತಿತ್ತಲ್ಲ!
ಎರಡು ತಿಂಗಳು ಕೈಗವಸು ಹಾಕಿಯೇ ಓಡಿಸಿದೆ,
ಹಳೆ ಗಾಡಿ, ಇಷ್ಟಾದರೂ ಬರುತ್ತದಲ್ಲ ಅಂದುಕೊಂಡು.
ಬೆರಳು ಹೇಳುತ್ತಲೇ ಇತ್ತು. ನಾನು ಸದ್ದು ಕೇಳುತ್ತಿದ್ದೆ.

ಮರುದಿನ ಇಂಜಿನ್ನು ತಣ್ಣಗಿರುವಾಗಲೇ
ಏರಿಗೆ ಮೂತಿ ಮಾಡಿ ನಿಲ್ಲಿಸಿದೆವು,
ಈ ಊರಲ್ಲಿ ಏರಿಗೇನು ಬರ.
ಚಕ್ರಕ್ಕೆ ಮರದ ತುಂಡು. ರೇಡಿಯೇಟರಿನ ಮುಚ್ಚಳ ತೆಗೆದು,
ಹೀಟರು ಪೂರ್ತಿ ತಿರುಗಿಸಿ, ಹಸಿರು ಕೂಲಂಟು ಸುರಿದೆ,
ಕುಡಿಯಲೊಲ್ಲದ ಕರುವಿಗೆ ಗೊಟ್ಟದಲ್ಲಿ ಹೊಯ್ದ ಹಾಗೆ,
ಸ್ವಲ್ಪ ಸ್ವಲ್ಪ. ಸ್ಟಾರ್ಟ್ ಮಾಡಿ ಕಾದೆವು.
ಅರ್ಧ ಗಂಟೆ ಏನೂ ಇಲ್ಲ.
ಆಮೇಲೆ
ಗುಳುಕ್.
ಇನ್ನೊಂದು. ಮತ್ತೆರಡು, ಜೊತೆಜೊತೆಗೆ.
ಹಸಿರು ಒಮ್ಮೆಲೇ ಕೆಳಗಿಳಿಯಿತು; ಮತ್ತೆ ಸುರಿದೆ.

ಮುಳ್ಳು ಸಾವಿರದ ಐನೂರಕ್ಕೆ ಬಂತು.
ಸಾವಿರದ ಇನ್ನೂರು. ಅಲ್ಲಿ ತುಸು ಅನುಮಾನಿಸಿತು.
ಎಂಟುನೂರೈವತ್ತು.

ಫೆಂಡರಿನ ಮೇಲೆ ಅಂಗೈಯಿಟ್ಟು ನಿಂತಿದ್ದ ಕುರಮೊಚಿ
ಗಾಬರಿಯಿಂದ ನನ್ನತ್ತ ನೋಡಿದರು:
ನಿಂತೇ ಹೋಯಿತೆ?
ತಲೆಯಾಡಿಸಿ, ಅವರ ಕೈಯ ಮೇಲೆ ನನ್ನ ಕೈಯಿಟ್ಟು
ಕೊಂಚ ಒತ್ತಿದೆ.
ಇದೆ.

ನೀರು ಎಲ್ಲಿ ಸೋರಿತೋ ಇನ್ನೂ ಗೊತ್ತಿಲ್ಲ.
ಕಾರಿನಡಿಗೆ ಒಣಗಿದ ರಟ್ಟು ಹಾಸಿದ್ದೇನೆ.
ಬೆಳಿಗ್ಗೆ ನೋಡಬೇಕು.